ನರಗಳಿಗೆ ಕೊಲೆಸ್ಟರಾಲ್ ಬೇಕು, ಆದರೆ ತಟ್ಟೆಯಿಂದಲ್ಲ

ಬಕ್ರೀದ್ ಹಬ್ಬದ ದಿನ ನಿಮ್ಮ ಮನೆಯ ಅಡುಗೆಮನೆಯನ್ನೊಮ್ಮೆ ನೆನಪಿಸಿಕೊಳ್ಳಿ. ಮಾಂಸವನ್ನು ಪಾಲು ಮಾಡಿ ಹಂಚಿದ ಬಳಿಕ ತಲೆಯ ಭಾಗ ಒಲೆಗೇರುವ ಹೊತ್ತಿಗೆ ಹಿರಿಯರೊಬ್ಬರು ಹೇಳುವ ಮಾತು ನಿಮಗೆ ಗೊತ್ತೇ ಇದೆ: “ಮಿದುಳನ್ನು ಮಕ್ಕಳಿಗೆ ಕೊಡಿ, ತಲೆ ಚುರುಕಾಗುತ್ತದೆ.” ಪರೀಕ್ಷೆ ಹತ್ತಿರವಿರುವ ಮಗುವಿನ ತಟ್ಟೆಗೆ ಒಂದು ತುಂಡು ಹೆಚ್ಚೇ ಬೀಳುತ್ತದೆ. ಪಕ್ಕದಲ್ಲಿ ಕುಳಿತ ಅಜ್ಜನೂ ಒಂದು ತುಂಡು ಕೇಳುತ್ತಾರೆ. ಅವರಿಗೆ ಎರಡು ವರ್ಷಗಳ ಹಿಂದೆ ಲಘು ಪಾರ್ಶ್ವವಾಯು ಬಡಿದಿತ್ತು. ಬೇಡವೆಂದರೆ ಅವರ ಬಳಿ ಉತ್ತರ ಸಿದ್ಧವಿದೆ: “ಕೊಲೆಸ್ಟರಾಲ್ ಇಲ್ಲದಿದ್ದರೆ ಮಿದುಳು ಕೆಲಸವೇ ಮಾಡುವುದಿಲ್ಲವಂತೆ. ಮೊಬೈಲ್‌ನಲ್ಲಿ ಬಂದಿತ್ತು. ನಾನು ಆ ಮಾತ್ರೆಯನ್ನೂ ನಿಲ್ಲಿಸಿದ್ದೇನೆ.”

ಈ ಕೊನೆಯ ವಾಕ್ಯ ಕೇಳಿದಾಗ ನೀವು ಸುಮ್ಮನಿರಬಾರದು. ಮೊಬೈಲ್‌ನಲ್ಲಿ ಬಂದ ಆ ಮಾತು ಪೂರ್ತಿ ಸುಳ್ಳಲ್ಲ. ನರಕೋಶ ಬೆಳೆಯಲು, ಒಂದಕ್ಕೊಂದು ಬೆಸೆದುಕೊಳ್ಳಲು, ಗಾಯವಾದಾಗ ರಿಪೇರಿಯಾಗಲು ಕೊಲೆಸ್ಟರಾಲ್ ಬೇಕೇ ಬೇಕು. ಆದರೆ ಆ ಕೊಲೆಸ್ಟರಾಲ್ ಎಲ್ಲಿಂದ ಬರುತ್ತದೆ ಎಂಬುದನ್ನು ಆ ಸಂದೇಶ ಹೇಳುವುದಿಲ್ಲ. ಅರ್ಧ ಸತ್ಯವನ್ನು ನಂಬಿ ಮಾತ್ರೆ ಬಿಟ್ಟವರು ಮತ್ತೆ ಆಸ್ಪತ್ರೆಗೆ ದಾಖಲಾಗುವ ಸಂಭವವಿದೆ. ಆದ್ದರಿಂದ ಉಳಿದ ಅರ್ಧವನ್ನೂ ತಿಳಿದುಕೊಳ್ಳೋಣ.

ಕೊಲೆಸ್ಟರಾಲ್ ಅಂದರೆ ಏನು?

ಕೊಲೆಸ್ಟರಾಲ್ ಎಂಬ ಪದ ಕೇಳಿದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹೃದಯಾಘಾತ. ವಾಸ್ತವದಲ್ಲಿ ಅದು ಮೇಣದಂತಹ ಒಂದು ವಸ್ತು. ಅದನ್ನು ಮೊದಲು ಗುರುತಿಸಿದ್ದು ಪಿತ್ತಕೋಶದ ಕಲ್ಲುಗಳಲ್ಲಿ. ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಶೆಲ್ ಶೆವ್ರಲ್ 1815ರಲ್ಲಿ ಅದಕ್ಕೆ ‘ಕೊಲೆಸ್ಟರಿನ್’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಪಿತ್ತ ಮತ್ತು ಗಟ್ಟಿ ಎಂಬ ಎರಡು ಪದಗಳಿಂದ ಆ ಹೆಸರು ಬಂದಿದೆ.

ನಮ್ಮ ದೇಹದ ಪ್ರತಿಯೊಂದು ಜೀವಕೋಶದ ಸುತ್ತ ತೆಳುವಾದ ಪೊರೆಯಿದೆ. ಆ ಪೊರೆ ಕೊಬ್ಬಿನಿಂದ ಆದದ್ದು. ಬರಿಯ ಕೊಬ್ಬೇ ಆಗಿದ್ದರೆ ಅದು ಒಮ್ಮೆ ತೀರಾ ಸಡಿಲ, ಒಮ್ಮೆ ತೀರಾ ಬಿಗಿ ಆಗಿಬಿಡುತ್ತಿತ್ತು. ಅದಕ್ಕೆ ಬೇಕಾದ ಹದವನ್ನು ಕೊಡುವುದು ಕೊಲೆಸ್ಟರಾಲ್. ದೇಹದ ಕೆಲವು ಹಾರ್ಮೋನುಗಳು, ವಿಟಮಿನ್ ಡಿ ಮತ್ತು ಪಿತ್ತರಸದ ಆಮ್ಲಗಳು ಕೂಡ ಇದೇ ಮೂಲದಿಂದ ಬರುತ್ತವೆ. ಇಷ್ಟು ಮುಖ್ಯವಾದ ವಸ್ತುವನ್ನು ದೇಹವು ನಮ್ಮ ಊಟದ ಮರ್ಜಿಗೆ ಬಿಟ್ಟಿಲ್ಲ. ಬೇಕಾದುದರ ಹೆಚ್ಚಿನ ಪಾಲನ್ನು ಅದು ತಾನೇ ತಯಾರಿಸಿಕೊಳ್ಳುತ್ತದೆ. ಹುಟ್ಟಿನಿಂದ ಸಾಯುವವರೆಗೆ ಶುದ್ಧ ಸಸ್ಯಾಹಾರಿಯಾಗಿ ಬಾಳಿದವರ ಮಿದುಳಿನಲ್ಲೂ ಕೊಲೆಸ್ಟರಾಲ್ ತುಂಬಿರುತ್ತದೆ.

ಈ ತಯಾರಿಕೆ ನಡೆಯುವ ಬಗೆಯನ್ನು ಹಂತ ಹಂತವಾಗಿ ಬಿಡಿಸಿ ತೋರಿಸಿದ ಕೊನ್ರಾಡ್ ಬ್ಲಾಖ್ ಮತ್ತು ಫಿಯೋಡರ್ ಲಿನೆನ್ ಅವರಿಗೆ 1964ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ರಕ್ತದಲ್ಲಿ ಹೆಚ್ಚಾದ ಕೊಲೆಸ್ಟರಾಲನ್ನು ದೇಹ ಹೇಗೆ ಹಿಡಿದು ಒಳಗೆಳೆದುಕೊಳ್ಳುತ್ತದೆ ಎಂದು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ಅದೇ ಪ್ರಶಸ್ತಿ ಸಂದಿತು.

ಮಿದುಳಿನಲ್ಲೇಕೆ ಇಷ್ಟೊಂದು?

ನಿಮ್ಮ ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು 2 ಶೇಕಡಾ ಮಾತ್ರ. ಆದರೆ ದೇಹದಲ್ಲಿರುವ ಒಟ್ಟು ಕೊಲೆಸ್ಟರಾಲಿನಲ್ಲಿ ಐದನೇ ಒಂದು ಭಾಗಕ್ಕಿಂತಲೂ ಹೆಚ್ಚು ಇರುವುದು ಅಲ್ಲೇ. ಏಕೆಂದು ತಿಳಿಯಬೇಕಾದರೆ ನರಕೋಶದ ಆಕಾರವನ್ನು ನೋಡಬೇಕು.

ದೇಹದ ಇತರ ಕೋಶಗಳು ಹೆಚ್ಚಾಗಿ ಗುಂಡಗೆ, ಚಪ್ಪಟೆಯಾಗಿ ಚಿಕ್ಕದಾಗಿರುತ್ತವೆ. ನರಕೋಶ ಹಾಗಲ್ಲ. ನಿಮ್ಮ ಕಾಲಿನ ಹೆಬ್ಬೆರಳನ್ನು ಆಡಿಸುವ ನರಕೋಶದ ದೇಹ ಇರುವುದು ಬೆನ್ನುಹುರಿಯಲ್ಲಿ. ಅಲ್ಲಿಂದ ಹೊರಟ ಅದರ ಎಳೆ ಪಾದದವರೆಗೂ ಚಾಚಿರುತ್ತದೆ. ಅಂದರೆ ಒಂದೇ ಒಂದು ಕೋಶದ ಉದ್ದ ಸುಮಾರು ಒಂದು ಮೀಟರ್! ಅಷ್ಟುದ್ದಕ್ಕೂ ಅದಕ್ಕೆ ಪೊರೆ ಬೇಕು. ಎಳೆಯ ತುದಿ ಮುಂದಕ್ಕೆ ಚಿಗುರಿದಂತೆಲ್ಲ ಹೊಸ ಪೊರೆ ಸೇರುತ್ತಾ ಹೋಗಬೇಕು. ಪೊರೆ ಎಂದ ಮೇಲೆ ಕೊಲೆಸ್ಟರಾಲ್ ಬೇಕು.

ಅಷ್ಟಕ್ಕೇ ಮುಗಿಯುವುದಿಲ್ಲ. ಈ ಎಳೆಯ ಮೇಲೆ ಇನ್ನೊಂದು ಹೊದಿಕೆಯಿದೆ. ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ನರದ ಎಳೆಗೆ ಮಯಲಿನ್ ಎಂಬ ಹೊದಿಕೆ ಇರುತ್ತದೆ. ಇದನ್ನು ಹೊದಿಸುವುದು ನರಕೋಶವಲ್ಲ, ಪಕ್ಕದಲ್ಲಿರುವ ನೆರವಿನ ಕೋಶಗಳು. ಅವು ತಮ್ಮ ಪೊರೆಯನ್ನು ತೆಳುವಾಗಿ ಚಾಚಿ ಎಳೆಯ ಸುತ್ತ ಸುತ್ತಿನ ಮೇಲೆ ಸುತ್ತು ಹಾಕುತ್ತವೆ, ಗಾಯಕ್ಕೆ ಬ್ಯಾಂಡೇಜ್ ಸುತ್ತಿದಂತೆ. ನೀರನ್ನು ಬಿಟ್ಟರೆ ಮಯಲಿನ್‌ನ ಸುಮಾರು ಮುಕ್ಕಾಲು ಪಾಲು ಕೊಬ್ಬು, ಆ ಕೊಬ್ಬಿನಲ್ಲಿ ದೊಡ್ಡ ಪಾಲು ಕೊಲೆಸ್ಟರಾಲ್. ಮಿದುಳಿನ ಕೊಲೆಸ್ಟರಾಲಿನಲ್ಲಿ 70ರಿಂದ 80 ಶೇಕಡಾ ಇರುವುದು ಈ ಹೊದಿಕೆಯಲ್ಲೇ.

ಈ ಹೊದಿಕೆಯಿಂದ ಏನು ಲಾಭ? ಹೊದಿಕೆ ಇಲ್ಲದ ನರದಲ್ಲಿ ಸಂದೇಶ ಸೆಕೆಂಡಿಗೆ ಸುಮಾರು 1 ಮೀಟರ್ ಸಾಗುತ್ತದೆ. ದಪ್ಪ ಹೊದಿಕೆಯ ನರದಲ್ಲಿ ಸೆಕೆಂಡಿಗೆ 100 ಮೀಟರ್‌ವರೆಗೂ ಓಡುತ್ತದೆ. ಕಾಲಿಗೆ ಕಲ್ಲು ಎಡವಿದಾಗ ಬೀಳುವ ಮೊದಲೇ ಇನ್ನೊಂದು ಕಾಲು ಊರಿ ನೀವು ನಿಲ್ಲುತ್ತೀರಲ್ಲ, ಅದು ಈ ಹೊದಿಕೆಯ ಉಪಕಾರ.

ಜರ್ಮನಿಯ ಗೊಟಿಂಗೆನ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು 2005ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮಯಲಿನ್ ತಯಾರಿಸುವ ಕೋಶಗಳಿಗೆ ಮಾತ್ರ ಕೊಲೆಸ್ಟರಾಲ್ ತಯಾರಿಸುವ ಶಕ್ತಿ ಇಲ್ಲದಂತೆ ಮಾಡಿದ ಇಲಿಗಳನ್ನು ಅವರು ಸಾಕಿದ್ದರು. ಆ ಇಲಿಮರಿಗಳ ನಡಿಗೆ ತತ್ತರಿಸುತ್ತಿತ್ತು, ಮೈ ನಡುಗುತ್ತಿತ್ತು. ಅವುಗಳ ಮಿದುಳಿನಲ್ಲಿ ಹೊದಿಕೆ ಬಹಳ ತಡವಾಗಿ, ಬಹಳ ನಿಧಾನವಾಗಿ ಬೆಳೆಯಿತು. ಬೆಳೆದಷ್ಟು ಹೊದಿಕೆಯಲ್ಲಿ ಮಾತ್ರ ಕೊಲೆಸ್ಟರಾಲಿನ ಪ್ರಮಾಣ ಬಹುತೇಕ ಕುಂದಿರಲಿಲ್ಲ. ಆ ಕೋಶಗಳು ಅಕ್ಕಪಕ್ಕದ ಕೋಶಗಳಿಂದ ಕೊಲೆಸ್ಟರಾಲ್ ಪಡೆದು, ದೊರೆತಷ್ಟರಲ್ಲೇ ಹೊದಿಕೆ ಕಟ್ಟಿದ್ದವು. ಕೊಲೆಸ್ಟರಾಲ್ ಎಷ್ಟು ಬೇಗ ಸಿಗುತ್ತದೋ ಹೊದಿಕೆ ಅಷ್ಟು ಬೇಗ ಬೆಳೆಯುತ್ತದೆ ಎಂಬುದು ಇದರಿಂದ ತಿಳಿಯಿತು.

ಕೋಶದಿಂದ ಕೋಶಕ್ಕೆ ಬೆಸುಗೆ

ಎಳೆ ಬೆಳೆದರೆ ಸಾಲದು, ಅದು ಮತ್ತೊಂದು ನರಕೋಶದ ಜೊತೆ ಬೆಸೆದುಕೊಳ್ಳಬೇಕು. ನಾವು ಕಲಿಯುವುದು, ನೆನಪಿಟ್ಟುಕೊಳ್ಳುವುದು ಎಲ್ಲವೂ ಈ ಬೆಸುಗೆಗಳ ಮೂಲಕ. ಇದರಲ್ಲಿಯೂ ಕೊಲೆಸ್ಟರಾಲಿಗೆ ಪಾತ್ರವಿದೆ ಎಂಬುದು ಗೊತ್ತಾದ ಕಥೆ ಸ್ವಾರಸ್ಯಕರವಾಗಿದೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬೆನ್ ಬ್ಯಾರೆಸ್ ಮತ್ತು ಫ್ರಾಂಕ್ ಫ್ರೀಗರ್ ಎಂಬ ವಿಜ್ಞಾನಿಗಳು ಇಲಿಯ ಕಣ್ಣಿನ ನರಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಿದ್ದರು. ಒಂಟಿಯಾಗಿ ಬೆಳೆಸಿದಾಗ ಆ ಕೋಶಗಳು ಬದುಕುತ್ತಿದ್ದವು, ಎಳೆ ಚಾಚುತ್ತಿದ್ದವು, ಆದರೆ ಪರಸ್ಪರ ಸರಿಯಾಗಿ ಬೆಸೆದುಕೊಳ್ಳುತ್ತಿರಲಿಲ್ಲ. ಮಿದುಳಿನಲ್ಲಿರುವ ಗ್ಲಿಯಾ ಎಂಬ ನೆರವಿನ ಕೋಶಗಳನ್ನು ಜೊತೆಗಿಟ್ಟಾಗ ಬೆಸುಗೆಗಳ ಚಟುವಟಿಕೆ ಹಲವು ಪಟ್ಟು ಹೆಚ್ಚಿತು. 1997ರಲ್ಲಿ ಇದನ್ನು ಪ್ರಕಟಿಸಿದಾಗ ಗ್ಲಿಯಾ ಕೋಶಗಳು ಸ್ರವಿಸುವ ಆ ವಸ್ತು ಯಾವುದೆಂದು ಯಾರಿಗೂ ತಿಳಿದಿರಲಿಲ್ಲ. ಫ್ರೀಗರ್ ಬರ್ಲಿನ್‌ನ ಮ್ಯಾಕ್ಸ್ ಡೆಲ್ಬ್ರುಕ್ ಕೇಂದ್ರಕ್ಕೆ ಹೋಗಿ ತಮ್ಮ ತಂಡದೊಂದಿಗೆ ಹುಡುಕಾಟ ಮುಂದುವರಿಸಿದರು. 2001ರಲ್ಲಿ ಉತ್ತರ ಸಿಕ್ಕಿತು. ಅದು ಯಾವುದೋ ಅಪರೂಪದ ಪ್ರೋಟೀನ್ ಆಗಿರಲಿಲ್ಲ. ಎಲ್ಲರೂ ಹೆದರುವ ಕೊಲೆಸ್ಟರಾಲ್!

ನರಕೋಶ ತನಗೆ ಬದುಕಲು ಬೇಕಾಗುವಷ್ಟು ಕೊಲೆಸ್ಟರಾಲನ್ನು ತಾನೇ ತಯಾರಿಸಿಕೊಳ್ಳಬಲ್ಲದು. ಆದರೆ ಹೇರಳವಾಗಿ ಬೆಸುಗೆಗಳನ್ನು ಕಟ್ಟಬೇಕಾದಾಗ ಅದಕ್ಕೆ ನೆರೆಯ ಗ್ಲಿಯಾ ಕೋಶದ ನೆರವು ಬೇಕು. ಆ ಕೋಶಗಳು ಕೊಲೆಸ್ಟರಾಲನ್ನು ತಯಾರಿಸಿ, ಅಪೊ-ಇ ಎಂಬ ಪ್ರೋಟೀನಿನ ಜೊತೆ ಪೊಟ್ಟಣ ಕಟ್ಟಿ ಕಳಿಸುತ್ತವೆ. ನೆರೆಹೊರೆಯ ಈ ಕೊಡುಕೊಳ್ಳುವಿಕೆ ಮಿದುಳಿನೊಳಗೇ ನಡೆಯುತ್ತದೆ ಎಂಬುದನ್ನು ಗಮನದಲ್ಲಿಡಿ.

ಮಿದುಳಿನ ಸುತ್ತಲಿನ ಗೋಡೆ

ಈಗ ಬಕ್ರೀದ್‌ನ ತಟ್ಟೆಗೆ ಮರಳೋಣ. 100 ಗ್ರಾಂ ಕುರಿಯ ಮಿದುಳಿನಲ್ಲಿ 1,300 ಮಿಲಿಗ್ರಾಂಗೂ ಹೆಚ್ಚು ಕೊಲೆಸ್ಟರಾಲ್ ಇರುತ್ತದೆ. ಒಂದು ಕೋಳಿಮೊಟ್ಟೆಯಲ್ಲಿ ಇರುವುದು 200 ಮಿಲಿಗ್ರಾಂಗಿಂತ ಸ್ವಲ್ಪ ಕಡಿಮೆ. ಅಂದರೆ ಒಂದು ಸಣ್ಣ ಬಟ್ಟಲು ಮಿದುಳಿನ ಪಲ್ಯ ಏಳು ಮೊಟ್ಟೆಗಳಿಗೆ ಸಮ. ಅದನ್ನು ತಿಂದ ಮಗುವಿನ ಮಿದುಳಿಗೆ ಅದರಲ್ಲಿ ಎಷ್ಟು ಸೇರುತ್ತದೆ? ಹೆಚ್ಚು ಕಡಿಮೆ ಏನೂ ಇಲ್ಲ.

ಕಾರಣ, ಮಿದುಳಿನ ರಕ್ತನಾಳಗಳ ಒಳಗೋಡೆ ಬೇರೆ ಅಂಗಗಳ ರಕ್ತನಾಳಗಳಂತಲ್ಲ. ಅಲ್ಲಿನ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಲಿದುಕೊಂಡಿರುತ್ತವೆ. ಆಮ್ಲಜನಕ, ಸಕ್ಕರೆಯಂತಹ ಬೇಕಾದುದಕ್ಕೆ ದಾರಿ ಉಂಟು. ಆದರೆ ರಕ್ತದಲ್ಲಿ ಕೊಲೆಸ್ಟರಾಲನ್ನು ಹೊತ್ತು ತಿರುಗುವ ದೊಡ್ಡ ಕಣಗಳಿಗೆ ಒಳಗೆ ಪ್ರವೇಶವಿಲ್ಲ. ಎಲ್‌ಡಿಎಲ್, ಎಚ್‌ಡಿಎಲ್ ಎಂದು ನಿಮ್ಮ ಲ್ಯಾಬ್ ವರದಿಯಲ್ಲಿ ಬರೆದಿರುತ್ತದಲ್ಲ, ಅವೇ ಈ ಕಣಗಳು. ನೀವು ತಿಂದ ಕೊಲೆಸ್ಟರಾಲ್ ಕರುಳಿನಿಂದ ಯಕೃತ್ತಿಗೆ ಹೋಗುತ್ತದೆ, ಅಲ್ಲಿಂದ ರಕ್ತಕ್ಕೆ ಬರುತ್ತದೆ, ಮಿದುಳಿನ ಗೋಡೆಯವರೆಗೂ ಬರುತ್ತದೆ. ಗೋಡೆ ದಾಟುವುದಿಲ್ಲ.

ಹಾಗಾಗಿ ಮಿದುಳು ತನಗೆ ಬೇಕಾದ ಕೊಲೆಸ್ಟರಾಲನ್ನೆಲ್ಲ ತಾನೇ ತಯಾರಿಸುತ್ತದೆ. ಒಮ್ಮೆ ತಯಾರಾದದ್ದನ್ನು ಬಹಳ ಕಾಲ ಬಳಸುತ್ತದೆ. ರಕ್ತದಲ್ಲಿರುವ ಕೊಲೆಸ್ಟರಾಲ್ ಕೆಲವೇ ದಿನಗಳಲ್ಲಿ ಬದಲಾಗುತ್ತಿರುತ್ತದೆ. ದೊಡ್ಡವರ ಮಿದುಳಿನಲ್ಲಿರುವುದು ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ. ಹೆಚ್ಚಾದ ಸ್ವಲ್ಪ ಭಾಗವನ್ನು ಮಿದುಳು ರೂಪ ಬದಲಿಸಿ, ಗೋಡೆ ದಾಟಬಲ್ಲ ವಸ್ತುವಾಗಿಸಿ ಹೊರಗೆ ಕಳಿಸುತ್ತದೆ. ತಯಾರಿಕೆ, ಸಾಗಾಟ, ಮರುಬಳಕೆ, ವಿಲೇವಾರಿ ಎಲ್ಲವೂ ಅದರದ್ದೇ ಮನೆವಾರ್ತೆ.

ಇದಕ್ಕೆ ನೋವಿನ ಪುರಾವೆಯೊಂದಿದೆ. 1964ರಲ್ಲಿ ಸ್ಮಿತ್, ಲೆಮ್ಲಿ ಮತ್ತು ಓಪಿಟ್ಸ್ ಎಂಬ ಮೂವರು ವೈದ್ಯರು ಒಂದು ಜನ್ಮಜಾತ ಕಾಯಿಲೆಯನ್ನು ವಿವರಿಸಿದರು. ಇಂತಹ ಮಕ್ಕಳ ತಲೆ ಚಿಕ್ಕದಾಗಿರುತ್ತದೆ, ಕಾಲಿನ ಎರಡನೇ ಮತ್ತು ಮೂರನೇ ಬೆರಳುಗಳು ಕೂಡಿಕೊಂಡಿರುತ್ತವೆ, ಬುದ್ಧಿ ಬೆಳವಣಿಗೆ ಕುಂಠಿತವಾಗಿರುತ್ತದೆ. ಕಾರಣ ಗೊತ್ತಾಗಲು ಸುಮಾರು 30 ವರ್ಷ ಬೇಕಾಯಿತು. 1993ರಲ್ಲಿ ತಿಳಿದುಬಂದಂತೆ, ಈ ಮಕ್ಕಳ ದೇಹ ಕೊಲೆಸ್ಟರಾಲ್ ತಯಾರಿಕೆಯ ಕೊನೆಯ ಹಂತವನ್ನು ಪೂರೈಸಲಾರದು. ಇದು ಹೆಚ್ಚಾಗಿ ಯುರೋಪ್ ಮೂಲದವರಲ್ಲಿ ಕಾಣುವ ಕಾಯಿಲೆ. ಆ ಮಕ್ಕಳಿಗೆ ವೈದ್ಯರು ಮೊಟ್ಟೆಯ ಹಳದಿಯನ್ನೋ ಶುದ್ಧ ಕೊಲೆಸ್ಟರಾಲನ್ನೋ ಆಹಾರದಲ್ಲಿ ಕೊಡುತ್ತಾರೆ. ಇದರಿಂದ ಮೈ ಬೆಳವಣಿಗೆ ಸುಧಾರಿಸಿದ್ದುಂಟು. ಆದರೆ ಬುದ್ಧಿ ಬೆಳವಣಿಗೆಯಲ್ಲಿ ನಿರೀಕ್ಷಿಸಿದ ಸುಧಾರಣೆ ಕಾಣಲಿಲ್ಲ. ಕೊಲೆಸ್ಟರಾಲಿನ ತೀವ್ರ ಕೊರತೆಯಿರುವ ಮಗುವಿನ ಮಿದುಳಿಗೇ ಊಟದಿಂದ ಅದನ್ನು ತಲುಪಿಸಲಾಗದಿದ್ದರೆ, ಆರೋಗ್ಯವಂತ ಮಗುವಿಗೆ ಮಿದುಳಿನ ಪಲ್ಯ ತಿನ್ನಿಸಿ ಬುದ್ಧಿ ಹೆಚ್ಚಿಸುವುದು ಸಾಧ್ಯವೇ? ನೀವೇ ಯೋಚಿಸಿ.

ಇಂತಹ ಕಾಯಿಲೆಗಳ ಬಗ್ಗೆ ಇನ್ನೊಂದು ಮಾತು. ನೀಮನ್-ಪಿಕ್ ಸಿ ಎಂಬ ಕಾಯಿಲೆಯಲ್ಲಿ ಕೊಲೆಸ್ಟರಾಲ್ ಕೋಶದೊಳಗೆ ಸಿಕ್ಕಿಹಾಕಿಕೊಂಡು, ಬೇಕಾದಲ್ಲಿಗೆ ತಲುಪದೆ ನರಗಳು ಹಾಳಾಗುತ್ತವೆ. ಚೆನ್ನಾಗಿ ಓಡಾಡುತ್ತಿದ್ದ ಮಗು ಎಡವತೊಡಗುತ್ತದೆ, ಮಾತು ತೊದಲುತ್ತದೆ. ಇವೆರಡೂ ತಂದೆ ಮತ್ತು ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಬಂದಾಗ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳು. ಹತ್ತಿರದ ಸಂಬಂಧದಲ್ಲಿ ಮದುವೆಯಾದವರಲ್ಲಿ ಈ ಸಾಧ್ಯತೆ ಹೆಚ್ಚು. ಸೋದರ ಸಂಬಂಧದ ಮದುವೆ ಕರ್ನಾಟಕದಲ್ಲಿ ನಮ್ಮಲ್ಲೂ ಇದೆ, ಇತರ ಸಮುದಾಯಗಳಲ್ಲೂ ಇದೆ. ನಿಮ್ಮ ಕುಟುಂಬದಲ್ಲಿ ಇಂತಹ ಮಗು ಇದ್ದರೆ ಮುಂದಿನ ಮದುವೆ ಮಾತುಕತೆಗೆ ಮೊದಲು, ಅಥವಾ ಮುಂದಿನ ಗರ್ಭಧಾರಣೆಗೆ ಮೊದಲು, ವಂಶವಾಹಿ ತಜ್ಞರನ್ನು ಭೇಟಿಯಾಗಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಕಡಿದ ನರ ಕೂಡುವುದು ಹೇಗೆ?

ಮೀನು ಕೊಯ್ಯುವಾಗಲೋ ಗಾಜು ಒಡೆದಾಗಲೋ ಅಂಗೈ ಕೊಯ್ದುಕೊಂಡು, ಬೆರಳು ಮರಗಟ್ಟಿದವರನ್ನು ನೀವು ನೋಡಿರಬಹುದು. ಗಾಯ ಹದಿನೈದು ದಿನಗಳಲ್ಲಿ ಮಾಯುತ್ತದೆ. ಬೆರಳಿನ ಸ್ಪರ್ಶ ಮಾತ್ರ ತಿಂಗಳುಗಳಾದರೂ ಬರುವುದಿಲ್ಲ. ಒಳಗೆ ನಡೆಯುತ್ತಿರುವ ಕೆಲಸ ಗೊತ್ತಾದರೆ ನಿಮಗೆ ತಾಳ್ಮೆ ಬರುತ್ತದೆ.

1850ರಲ್ಲಿ ಇಂಗ್ಲೆಂಡಿನ ಅಗಸ್ಟಸ್ ವಾಲರ್ ಕಪ್ಪೆಯ ನಾಲಗೆಯ ನರ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕತ್ತರಿಸಿದ ಜಾಗದಿಂದ ಮುಂದಿನ ಭಾಗವೆಲ್ಲ ಚೂರುಚೂರಾಗಿ ಕರಗುತ್ತಿತ್ತು. ಕೋಶದ ದೇಹಕ್ಕೆ ಅಂಟಿಕೊಂಡ ಭಾಗ ಉಳಿಯುತ್ತಿತ್ತು. ನಮ್ಮ ಕೈಯಲ್ಲೂ ಹೀಗೆಯೇ ಆಗುತ್ತದೆ. ಮೊದಲು ಹಳೆಯ ಎಳೆ ಮತ್ತು ಅದರ ಮಯಲಿನ್ ಹೊದಿಕೆ ಒಡೆಯುತ್ತದೆ. ಬಳಿಕ ದೇಹದ ಕಸ ಗುಡಿಸುವ ಕೋಶಗಳು ಬಂದು ಆ ಚೂರುಗಳನ್ನು ನುಂಗುತ್ತವೆ. ಆಮೇಲೆ ಉಳಿದ ತುದಿ ಚಿಗುರೊಡೆದು, ಹಳೆಯ ದಾರಿಯಲ್ಲೇ ತೆವಳುತ್ತಾ ಬೆರಳಿನ ಕಡೆ ಹೊರಡುತ್ತದೆ.

ಇಲ್ಲಿ ಕೊಲೆಸ್ಟರಾಲ್ ಮರುಬಳಕೆಯಾಗುತ್ತದೆ. ಗುಡಿಸುವ ಕೋಶಗಳು ಹಳೆಯ ಹೊದಿಕೆಯಿಂದ ಸಿಕ್ಕ ಕೊಲೆಸ್ಟರಾಲನ್ನು ಎಸೆಯುವುದಿಲ್ಲ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಇಲಿಗಳ ಗಾಯಗೊಂಡ ನರಗಳಲ್ಲಿ ಅಪೊ-ಇ ಪ್ರೋಟೀನು ವಿಪರೀತ ಹೆಚ್ಚುವುದನ್ನು ಕಂಡರು. ಬಿಡಿಸಿದ ಕೊಲೆಸ್ಟರಾಲನ್ನು ಹೊಸದಾಗಿ ಚಿಗುರುತ್ತಿರುವ ಎಳೆಗೂ, ಹೊಸ ಹೊದಿಕೆ ಹೊಸೆಯುತ್ತಿರುವ ಕೋಶಗಳಿಗೂ ಹೊತ್ತೊಯ್ಯುವ ಕೆಲಸ ಅದರದು. ಹಳೆಯ ಮನೆ ಕೆಡವಿದಾಗ ಸಿಕ್ಕ ಹೆಂಚು, ಮರಗಳನ್ನು ಜೋಪಾನವಾಗಿ ಎತ್ತಿಟ್ಟು ಹೊಸ ಮನೆಗೆ ಬಳಸುವ ಹಾಗೆ. ಕಡಿಮೆ ಬಿದ್ದುದನ್ನು ಕೋಶಗಳು ಸ್ಥಳದಲ್ಲೇ ತಯಾರಿಸಿಕೊಳ್ಳುತ್ತವೆ.

ಚಿಗುರಿದ ನರದ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಮಣಿಕಟ್ಟಿನಲ್ಲಿ ಕಡಿದ ನರ ಬೆರಳ ತುದಿ ಮುಟ್ಟಲು ಆರು ತಿಂಗಳು ಬೇಕಾಗುವುದು ಸಹಜ. ಮೊಣಕೈ ಬಳಿ ಕಡಿದರೆ ವರ್ಷವೇ ಬೇಕು. ಕಾಲು ಸೂಪ್ ಕುಡಿದರೂ ತುಪ್ಪ ತಿಂದರೂ ಈ ವೇಗ ಹೆಚ್ಚುವುದಿಲ್ಲ. ತುಂಡಾದ ನರವನ್ನು ಶಸ್ತ್ರವೈದ್ಯರು ಬೇಗ ಹೊಲಿದು ಜೋಡಿಸಿದರೆ ದಾರಿ ಸರಿಯಾಗುತ್ತದೆ. ಆದ್ದರಿಂದ ಗಾಯದ ನಂತರ ಬೆರಳು ಮರಗಟ್ಟಿದ್ದರೆ ಚರ್ಮ ಹೊಲಿಸಿಕೊಂಡು ಮನೆಗೆ ಬಂದು ಸುಮ್ಮನಾಗಬೇಡಿ, ನರ ಕಡಿದಿದೆಯೇ ಎಂದು ಕೇಳಿ. ಸ್ಪರ್ಶ ಮರಳುವವರೆಗೆ ಆ ಬೆರಳಿಗೆ ಬಿಸಿ ಪಾತ್ರೆ ತಾಗಿದರೂ ತಿಳಿಯುವುದಿಲ್ಲ. ಅಡುಗೆ ಮಾಡುವವರು ವಿಶೇಷ ಎಚ್ಚರ ವಹಿಸಬೇಕು. ಕೀಲುಗಳು ಬಿಗಿಯಾಗದಂತೆ ವೈದ್ಯರು ಹೇಳಿದ ವ್ಯಾಯಾಮವನ್ನು ತಪ್ಪಿಸಬಾರದು.

ಮಿದುಳು ಮತ್ತು ಬೆನ್ನುಹುರಿಯೊಳಗಿನ ರಿಪೇರಿ ಇಷ್ಟು ಸಲೀಸಲ್ಲ. ಅಲ್ಲಿ ಕಡಿದ ಎಳೆ ಹೀಗೆ ಮರಳಿ ಬೆಳೆಯುವುದಿಲ್ಲ. ಹೊದಿಕೆ ಮಾತ್ರ ಹಾಳಾಗಿದ್ದರೆ ಹೊಸ ಹೊದಿಕೆ ಬರಬಲ್ಲದು. ಈ ವಿಷಯದಲ್ಲಿ ಜರ್ಮನಿಯ ಎರಡು ಇಲಿ ಪ್ರಯೋಗಗಳು ಗಮನಾರ್ಹ. 2017ರಲ್ಲಿ ಗೊಟಿಂಗೆನ್‌ನ ತಂಡ, ಹೊದಿಕೆ ಹಾಳಾದ ಇಲಿಗಳಿಗೆ ಆಹಾರದಲ್ಲಿ ಕೊಲೆಸ್ಟರಾಲ್ ಕೊಟ್ಟಾಗ ರಿಪೇರಿ ಚುರುಕಾದುದನ್ನು ಕಂಡಿತು. ಆ ಇಲಿಗಳಲ್ಲಿ ಕಾಯಿಲೆಯಿಂದಾಗಿ ಮಿದುಳಿನ ಗೋಡೆಯೇ ಸೋರುತ್ತಿತ್ತು, ಹಾಗಾಗಿ ಕೊಲೆಸ್ಟರಾಲ್ ಒಳಗೆ ಹೋಯಿತು. 2018ರಲ್ಲಿ ಮ್ಯೂನಿಕ್‌ನ ತಂಡ ಮತ್ತೊಂದು ಮುಖವನ್ನು ತೋರಿಸಿತು. ಮುದಿ ಇಲಿಗಳ ಗುಡಿಸುವ ಕೋಶಗಳು ಒಡೆದ ಹೊದಿಕೆಯ ಕೊಲೆಸ್ಟರಾಲನ್ನು ವಿಲೇವಾರಿ ಮಾಡಲಾಗದೆ, ಅದು ಕೋಶದೊಳಗೇ ಹರಳುಗಟ್ಟಿ, ಉರಿಯೂತ ಹೆಚ್ಚಿ ರಿಪೇರಿ ನಿಂತುಹೋಯಿತು. ಕೊಲೆಸ್ಟರಾಲ್ ಬೇಕಾದ ಜಾಗಕ್ಕೆ ಬೇಕಾದ ಹೊತ್ತಿಗೆ ಬಂದರೆ ಉಪಕಾರ, ಸಾಗದೆ ಕೂತರೆ ಅಪಾಯ ಎಂಬುದೇ ಇವೆರಡರ ಪಾಠ. ಇವು ಇಲಿಗಳ ಮೇಲಿನ ಪ್ರಯೋಗಗಳು. ಮೊದಲ ಪ್ರಯೋಗದ ಶೀರ್ಷಿಕೆಯನ್ನಷ್ಟೇ ಓದಿ ಯಾರಾದರೂ “ಕೊಬ್ಬು ತಿಂದರೆ ನರ ರಿಪೇರಿಯಾಗುತ್ತದೆ” ಎಂದು ಬರೆದರೆ ನಂಬಬೇಡಿ.

ಹಾಗಾದರೆ ಮಾತ್ರೆಯಿಂದ ಮಿದುಳು ಬಡವಾಗುವುದೇ?

ಅಜ್ಜನ ಪ್ರಶ್ನೆ ಇದೇ. ಸ್ಟ್ಯಾಟಿನ್ ಎಂಬ ಮಾತ್ರೆಗಳು ಯಕೃತ್ತಿನಲ್ಲಿ ಕೊಲೆಸ್ಟರಾಲ್ ತಯಾರಿಕೆಯನ್ನು ತಗ್ಗಿಸುತ್ತವೆ. ಇವುಗಳ ಮೂಲ, ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಬೂಷ್ಟಿನಲ್ಲಿ ಕಂಡುಹಿಡಿದ ಒಂದು ವಸ್ತು. 1987ರಲ್ಲಿ ಮೊದಲ ಸ್ಟ್ಯಾಟಿನ್ ಮಾತ್ರೆ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. ಇವು ಮುಖ್ಯವಾಗಿ ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಇಳಿಸುತ್ತವೆ. ಗೋಡೆಯ ಆಚೆಗಿನ ಮಿದುಳಿನ ದಾಸ್ತಾನು ಎಲ್‌ಡಿಎಲ್ ಅನ್ನು ಅವಲಂಬಿಸಿಲ್ಲ.

ಎಲ್‌ಡಿಎಲ್ ತೀರಾ ಕಡಿಮೆಯಾದರೆ ಏನಾದೀತು? ಅಮೆರಿಕದ ಡಲ್ಲಾಸ್‌ನಲ್ಲಿ ವಂಶವಾಹಿಯ ಕಾರಣದಿಂದ ಎಲ್‌ಡಿಎಲ್ ಕೇವಲ 14 ಇದ್ದ ಯುವತಿಯೊಬ್ಬರ ವಿವರ 2006ರಲ್ಲಿ ಪ್ರಕಟವಾಯಿತು. ಸಾಮಾನ್ಯವಾಗಿ 100ರೊಳಗೆ ಇರಲಿ ಎಂದು ವೈದ್ಯರು ಹೇಳುವ ಸಂಖ್ಯೆ ಅದು. ಆಕೆ ಆರೋಗ್ಯವಂತೆಯಾಗಿದ್ದರು, ಕಾಲೇಜು ಓದಿದ್ದರು. ಇನ್ನು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈಗಾಗಲೇ ಸ್ಟ್ಯಾಟಿನ್ ಸೇವಿಸುತ್ತಿದ್ದ 1,204 ಜನರಲ್ಲಿ ಕೆಲವರಿಗೆ ಎಲ್‌ಡಿಎಲ್ ಅನ್ನು ಇನ್ನಷ್ಟು ಇಳಿಸುವ ಚುಚ್ಚುಮದ್ದು ಕೊಟ್ಟು, ಉಳಿದವರಿಗೆ ಔಷಧವಿಲ್ಲದ ಚುಚ್ಚುಮದ್ದು ಕೊಟ್ಟು, ಸುಮಾರು 19 ತಿಂಗಳ ಕಾಲ ಅವರ ನೆನಪು ಮತ್ತು ಯೋಚನಾಶಕ್ತಿಯನ್ನು ಪರೀಕ್ಷಿಸಲಾಯಿತು. ಎರಡು ಗುಂಪುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ.

ಮಾತ್ರೆಗೆ ಅಡ್ಡಪರಿಣಾಮಗಳೇ ಇಲ್ಲವೆಂದು ಇದರ ಅರ್ಥವಲ್ಲ. ಕೆಲವರಿಗೆ ಮಾಂಸಖಂಡಗಳಲ್ಲಿ ನೋವು ಬರುತ್ತದೆ. ಕೆಲವರು ಮರೆವು, ಗೊಂದಲವಾಯಿತೆಂದು ಹೇಳಿದ್ದುಂಟು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಈ ಮಾತನ್ನು ಮಾತ್ರೆಯ ವಿವರಪತ್ರದಲ್ಲಿ ಸೇರಿಸಿತು. ಇದು ಸಾಮಾನ್ಯವಾಗಿ ಗಂಭೀರವಲ್ಲ, ಮಾತ್ರೆ ನಿಲ್ಲಿಸಿದರೆ ಸರಿಹೋಗುತ್ತದೆ ಎಂದೂ ಅದೇ ಸಂಸ್ಥೆ ಹೇಳಿದೆ. ನಿಮಗೆ ಹಾಗೆ ಅನ್ನಿಸಿದರೆ ವೈದ್ಯರಿಗೆ ತಿಳಿಸಿ. ಪ್ರಮಾಣ ಇಳಿಸುವುದು, ಬೇರೆ ಮಾತ್ರೆ ಕೊಡುವುದು ಅವರಿಗೆ ಸಾಧ್ಯವಿದೆ. ನೀವೇ ನಿಲ್ಲಿಸುವುದು ಬೇಡ.

ಏಕೆಂದರೆ ಇನ್ನೊಂದು ಕಡೆಯ ತೂಕ ದೊಡ್ಡದು. ರಕ್ತದಲ್ಲಿ ಹೆಚ್ಚಾದ ಎಲ್‌ಡಿಎಲ್ ಮಿದುಳಿನೊಳಗೆ ಹೋಗದಿದ್ದರೂ ಮಿದುಳಿಗೆ ರಕ್ತ ಒಯ್ಯುವ ಕೊಳವೆಯ ಗೋಡೆಯಲ್ಲಿ ಜಮೆಯಾಗುತ್ತದೆ. ಕೊಳವೆ ಕಟ್ಟಿದರೆ ಅದರ ಆಚೆಗಿನ ನರಕೋಶಗಳು ನಿಮಿಷಗಳಲ್ಲಿ ಸಾಯತೊಡಗುತ್ತವೆ. ಇದೇ ಪಾರ್ಶ್ವವಾಯು. ಇತ್ತೀಚೆಗೆ ಪಾರ್ಶ್ವವಾಯು ಆದ 4,731 ಜನರ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಟ್ಯಾಟಿನ್ ಪಡೆದವರಲ್ಲಿ ಸುಮಾರು ಐದು ವರ್ಷಗಳಲ್ಲಿ 11.2 ಶೇಕಡಾ ಮಂದಿಗೆ ಮತ್ತೆ ಪಾರ್ಶ್ವವಾಯು ಆಯಿತು. ಪಡೆಯದವರಲ್ಲಿ ಇದು 13.1 ಶೇಕಡಾ. ರಕ್ತಸ್ರಾವದಿಂದ ಆಗುವ ಪಾರ್ಶ್ವವಾಯು ಮಾತ್ರ ಮಾತ್ರೆ ಪಡೆದವರಲ್ಲಿ ಕೊಂಚ ಹೆಚ್ಚಿತ್ತು. ಆದ್ದರಿಂದಲೇ ಯಾರಿಗೆ, ಎಷ್ಟು ಎಂಬುದನ್ನು ವೈದ್ಯರು ನಿರ್ಧರಿಸಬೇಕು. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ, ಮಧ್ಯವಯಸ್ಸಿನಲ್ಲಿ ಎಲ್‌ಡಿಎಲ್ ಹೆಚ್ಚಿರುವುದನ್ನು ಮುಪ್ಪಿನ ಮರೆಗುಳಿತನಕ್ಕೆ ದಾರಿ ಮಾಡುವ ಅಂಶಗಳ ಪಟ್ಟಿಗೆ ಸೇರಿಸಿತು. ಮಿದುಳನ್ನು ಉಳಿಸಲೆಂದು ಮಾತ್ರೆ ಬಿಟ್ಟ ಅಜ್ಜ, ಮಿದುಳಿನ ರಕ್ತದ ದಾರಿಯನ್ನೇ ಅಪಾಯಕ್ಕೆ ಒಡ್ಡಿದ್ದಾರೆ.

ನರಗಳಿಗಾಗಿ ನೀವು ಮಾಡಬಹುದಾದದ್ದು

• ಎರಡು ವರ್ಷದೊಳಗಿನ ಮಗುವಿಗೆ ಕೊಬ್ಬನ್ನು ಕಡಿತ ಮಾಡಬೇಡಿ. ಮಯಲಿನ್ ಅತಿ ವೇಗವಾಗಿ ಬೆಳೆಯುವ ಕಾಲ ಅದು. ತಾಯಿಹಾಲಿನಲ್ಲಿ ಕೊಬ್ಬೂ ಕೊಲೆಸ್ಟರಾಲೂ ಸಹಜವಾಗಿಯೇ ಇರುತ್ತವೆ. ದೊಡ್ಡವರ ಡಯೆಟ್ ಮಗುವಿಗಲ್ಲ.

• ವಿಟಮಿನ್ ಬಿ-12 ಕಡಿಮೆಯಾದರೆ ಮಯಲಿನ್ ಹಾಳಾಗುತ್ತದೆ. ಕೈಕಾಲು ಜೋಮು ಹಿಡಿಯುವುದು, ನಡೆಯುವಾಗ ವಾಲುವುದು ಇದರ ಲಕ್ಷಣ. ವಯಸ್ಸಾದವರು, ಮಾಂಸ, ಮೊಟ್ಟೆ, ಹಾಲು ಬಿಟ್ಟವರು, ಸಕ್ಕರೆ ಕಾಯಿಲೆಗೆ ಬಹುಕಾಲದಿಂದ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುವವರು ಪರೀಕ್ಷೆ ಮಾಡಿಸಿಕೊಳ್ಳಲಿ. ಇದು ಕೊರತೆಯಿದ್ದಾಗ ತುಂಬಿಕೊಡಲು ಸಾಧ್ಯವಾಗುವ ಪೋಷಕಾಂಶ.

• ಸಕ್ಕರೆ ಕಾಯಿಲೆ ಹಿಡಿತದಲ್ಲಿರಲಿ. ಪಾದದ ನರಗಳನ್ನು ಸದ್ದಿಲ್ಲದೆ ಕೆಡಿಸುವ ಕಾರಣಗಳಲ್ಲಿ ಇದೇ ಮುಂದೆ. ದಿನವೂ ಪಾದ ತೊಳೆಯುವಾಗ ಗಾಯ, ಗುಳ್ಳೆ ಇದೆಯೇ ಎಂದು ನೋಡಿಕೊಳ್ಳಿ.

• ತಟ್ಟೆಯಲ್ಲಿರುವ ಕೊಲೆಸ್ಟರಾಲಿಗಿಂತ ರಕ್ತದ ಎಲ್‌ಡಿಎಲ್ ಅನ್ನು ಹೆಚ್ಚು ಏರಿಸುವುದು ತುಪ್ಪ, ಡಾಲ್ಡಾ, ಮಾಂಸದ ಬಿಳಿ ಕೊಬ್ಬಿನಲ್ಲಿರುವ ಗಟ್ಟಿಕೊಬ್ಬು. ಆರೋಗ್ಯವಂತರು ದಿನಕ್ಕೊಂದು ಮೊಟ್ಟೆಗೆ ಹೆದರಬೇಕಿಲ್ಲ. ಬಿರಿಯಾನಿಯ ಮೇಲೆ ತೇಲುವ ಡಾಲ್ಡಾಕ್ಕೆ ಹೆದರಬೇಕು. ತೆಂಗಿನೆಣ್ಣೆಯಲ್ಲಿ ಕೊಲೆಸ್ಟರಾಲ್ ಇಲ್ಲ, ಆದರೂ ಅದು ಎಲ್‌ಡಿಎಲ್ ಏರಿಸುತ್ತದೆ. ಮಿತವಾಗಿ ಬಳಸಿ.

• ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಿದ್ದರೆ ಮಕ್ಕಳ ಕೊಲೆಸ್ಟರಾಲನ್ನೂ ಪರೀಕ್ಷಿಸಿ. ಕೆಲವು ಕುಟುಂಬಗಳಲ್ಲಿ ಇದು ವಂಶಪಾರಂಪರ್ಯವಾಗಿ ಬರುತ್ತದೆ.

• ರಮಝಾನ್ ತಿಂಗಳಲ್ಲಿ ಅನೇಕರು ಮಾತ್ರೆ ಬಿಟ್ಟುಬಿಡುತ್ತಾರೆ. ಸ್ಟ್ಯಾಟಿನ್ ಮಾತ್ರೆಯನ್ನು ಸಾಮಾನ್ಯವಾಗಿ ದಿನಕ್ಕೆ ಒಮ್ಮೆ ತೆಗೆದುಕೊಂಡರೆ ಸಾಕು, ಇಫ್ತಾರ್ ನಂತರ ರಾತ್ರಿ ತೆಗೆದುಕೊಳ್ಳಬಹುದು. ಉಪವಾಸಕ್ಕೆ ಮೊದಲೇ ವೈದ್ಯರೊಡನೆ ಸಮಯ ನಿಗದಿ ಮಾಡಿಕೊಳ್ಳಿ.

• ಮುಖ ಒಂದು ಕಡೆ ವಾಲುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು ಇವುಗಳಲ್ಲಿ ಒಂದು ಕಂಡರೂ ಮದ್ದು ಮಾಲೀಶೆಂದು ಸಮಯ ಕಳೆಯಬೇಡಿ. ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಿರಿ. ಹೆಪ್ಪು ಕರಗಿಸುವ ಔಷಧಿ ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು.

ಮುಂದಿನ ಬಕ್ರೀದ್‌ಗೆ ಮಿದುಳಿನ ಪಲ್ಯ ಮಾಡಿ, ರುಚಿಗಾಗಿ ಮಕ್ಕಳಿಗೆ ಒಂದು ತುಂಡು ಕೊಡಿ, ಅಭ್ಯಂತರವಿಲ್ಲ. ಬುದ್ಧಿಗಾಗಿ ಅವರಿಗೆ ಪುಸ್ತಕ, ಆಟ ಮತ್ತು ಸಾಕಷ್ಟು ನಿದ್ದೆ ಕೊಡಿ. ಅಜ್ಜನಿಗೆ ಊಟದ ಬಳಿಕ ಪಕ್ಕದಲ್ಲಿ ಕುಳಿತು ಗೋಡೆಯ ವಿಷಯ ಹೇಳಿ. ನಿಮ್ಮ ಮಿದುಳಿಗೆ ಬೇಕಾದ ಕೊಲೆಸ್ಟರಾಲ್ ಮಿದುಳಿನಲ್ಲೇ ತಯಾರಾಗುತ್ತದೆ, ಮಾತ್ರೆ ಅದನ್ನು ಕಸಿದುಕೊಳ್ಳುವುದಿಲ್ಲ ಎಂದು ತಿಳಿಸಿ. ನಿಂತುಹೋದ ಮಾತ್ರೆಯ ಚೀಟಿ ಹಿಡಿದು ಮರುದಿನವೇ ಅವರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಿ.